ಎರಡನೇ ಗೇರಿಗೆ ಬೀಳದ ಗಾಡಿ

ನವೆಂಬರ್ ಮೂರನೇ ತಾರೀಖು, ಸೋಮವಾರ, ಬೆಳಿಗ್ಗೆ ಏಳು ಐವತ್ತೈದಕ್ಕೆ ಪುಟ್ಟಪ್ಪನ ಬೈಕು ಎರಡನೇ ಗೇರಿಗೆ ಬೀಳಲಿಲ್ಲ.

ಸೇಲಂ ಜಿಲ್ಲೆಯ ನಂಗವಳ್ಳಿಯಿಂದ ತಾರಮಂಗಲಂಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಏರು ಇದೆ. ಟ್ಯಾಂಕಿನ ಮೇಲೆ ಪೇಟೆಗೆ ಒಯ್ಯುವ ಸುಗಂಧರಾಜ ಹೂವಿನ ಚೀಲ, ಹಿಂದಿನ ಸೀಟಿನಲ್ಲಿ ಸೊಸೆ ರೋಜಾ. ಪುಟ್ಟಪ್ಪ ಕ್ಲಚ್ ಹಿಡಿದು ಎಡಗಾಲಿನಿಂದ ಗೇರ್ ಲಿವರ್ ಎತ್ತಿದ. ಇಂಜಿನ್ ಕೂಗಿಕೊಂಡಿತು, ಗಾಡಿ ಮುಂದೆ ಹೋಗಲಿಲ್ಲ. ನಿಂತು, ಒಂದು ಮಾರು ಹಿಂದಕ್ಕೆ ಜಾರಿತು. ಹಿಂದೆ ಬರುತ್ತಿದ್ದ ಟೆಂಪೋದವನು ಹಾರನ್ ಹೊಡೆದು ಬೈದುಕೊಂಡು ಹೋದ.

"ಏನಾಯ್ತು ಮಾವ?"

"ನ್ಯೂಟ್ರಲ್ಗೆ ಬಿದ್ಬಿಡ್ತು."

"ಇನ್ನೊಂದ್ಸಲ ಎತ್ತಿ ಮಾವ. ಟೈಮ್ ಆಗ್ತೈತೆ."

ಮೂರು ಸಲ ಎತ್ತಿದ. ಮೂರು ಸಲವೂ ನ್ಯೂಟ್ರಲ್ಲಿಗೇ ಬಿತ್ತು. ನಾಲ್ಕನೆಯ ಸಲ ಬಗ್ಗಿ ಕೈಯಿಂದಲೇ ಲಿವರ್ ಎಳೆದ. ಆಗ ಎರಡನೇ ಗೇರು ಬಿತ್ತು.

ರೋಜಾ ಕೆಲಸ ಮಾಡುವುದು ತಾರಮಂಗಲಂನ ಒಂದು ಸಿದ್ಧ ಉಡುಪಿನ ಕಂಪೆನಿಯಲ್ಲಿ. ಎಂಟೂವರೆಗೆ ಗೇಟು ಮುಚ್ಚುತ್ತಾರೆ. ಅವಳು ತಲುಪಿದಾಗ ಎಂಟು ಮೂವತ್ತನಾಲ್ಕು. ಸೂಪರ್‌ವೈಸರ್ ಸಂಗೀತಾ ಹೆಸರು ಬರೆದುಕೊಂಡು ಒಳಗೆ ಬಿಟ್ಟಳು. ತಿಂಗಳಲ್ಲಿ ಮೂರು ಸಲ ಹೆಸರು ಬಿದ್ದರೆ ಹೊಲಿಗೆ ಮಿಷನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವವರ ಜೊತೆ ನಿಲ್ಲಿಸುತ್ತಾರೆ. ರೋಜಾ ಆ ಮಿಷನ್ನಿಗೆ ಬರಲು ಎರಡು ವರ್ಷ ದಾರ ಕತ್ತರಿಸಿದ್ದಳು.

ಸಂಜೆ ಗಂಡ ಅಶ್ವತ್ಥ್ ಗಾಡಿ ತೆಗೆದುಕೊಂಡು ಊರ ಸುತ್ತ ಒಂದು ಸುತ್ತು ಬಂದ. ಒಂದು, ಎರಡು, ಮೂರು, ನಾಲ್ಕು, ಎಲ್ಲವೂ ಬೆಣ್ಣೆಯ ಹಾಗೆ ಬಿದ್ದವು. ಅವನು ಮೆಟ್ಟೂರಿನ ಲೇತ್ ಪಟ್ಟರೆಯಲ್ಲಿ, ಅಂದರೆ ವರ್ಕ್‌ಶಾಪಿನಲ್ಲಿ, ಟರ್ನರ್. ಯಂತ್ರದ ಬಗ್ಗೆ ಅವನ ಮಾತಿಗೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ.

ಏಳೂವರೆಗೆ ಊಟಕ್ಕೆ ಕೂತರು. ರಾಗಿ ಮುದ್ದೆ, ಹುರುಳಿ ಸಾರು. ಬಡಿಸುತ್ತಿದ್ದವಳು ಪುಟ್ಟಪ್ಪನ ಹೆಂಡತಿ ಮುತ್ತಮ್ಮ.

"ಗಾಡಿಲಿ ಏನೂ ಇಲ್ಲ ಅಪ್ಪಾ," ಎಂದ ಅಶ್ವತ್ಥ್. "ಮೊದಲ್ನೇ ಗೇರು ಕೆಳಕ್ಕೆ ತುಳಿ, ಮಿಕ್ಕಿದ್ದೆಲ್ಲಾ ಮೇಲಕ್ಕೆ ಎತ್ತು. ಅನ್ನೊಂದು ವರ್ಸ ಓಡ್ಸಿದ ಗಾಡಿ. ಈಗ ಮರ್ತ್ಯಾ?"

"ನಂಗೇನೂ ಮರ್ತಿಲ್ಲ ಕಣ್ಲಾ. ಕಾಲು ಮರತೋಗ್ತೈತೆ."

ನಾಲ್ಕನೇ ಕ್ಲಾಸಿನ ಮೊಮ್ಮಗಳು ಅರ್ಚನಾ ಕಿಸಕ್ಕನೆ ನಕ್ಕಳು. "ತಾತಾ, ಕಾಲುಕ್ಕು ಟ್ಯೂಷನ್ ವೈ!"

ಕಾಲಿಗೂ ಟ್ಯೂಷನ್ ಇಡಿಸಬೇಕು ಎಂಬ ಮಾತಿಗೆ ರೋಜಾ ಕೂಡ ನಕ್ಕಳು, ಬೆಳಿಗ್ಗೆಯ ಸಿಟ್ಟಿದ್ದರೂ. ಮುತ್ತಮ್ಮ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

"ವಯಸ್ಸಾದ್ಮೇಲೆ ಎಲ್ರಿಗೂ ಅಂಗೇಯ. ಉಣ್ಣಿ."

ಪುಟ್ಟಪ್ಪ ತಲೆಯಾಡಿಸಿ ಉಂಡ.

ಆ ಮನೆಯಲ್ಲಿ ಹೊಲ, ಹಸು, ಅಡಿಗೆ, ಜಗಳ ಎಲ್ಲ ಕನ್ನಡದಲ್ಲಿ. ಕಾಯಿಲೆ ಮಾತ್ರ ತಮಿಳಿನಲ್ಲಿ, ಯಾಕೆಂದರೆ ಆಸ್ಪತ್ರೆ ತಮಿಳಿನಲ್ಲಿದೆ. ಕೈಕಾಲಿಗೆ ಸ್ಪರ್ಶ ತಿಳಿಯದೆ ಮರಗಟ್ಟಿದರೆ ತಮಿಳಿನಲ್ಲಿ 'ಮರತ್ತುಪ್ಪೋಚ್ಚು' ಅನ್ನುತ್ತಾರೆ. ಪುಟ್ಟಪ್ಪ ಹೇಳಿದ್ದು ಅದನ್ನು. ಆದರೆ ಹೊತ್ತು ಊಟದ್ದು, ಮಾತು ಗೇರಿನದು, ವಾಕ್ಯ ಕನ್ನಡದ್ದು. ಮನೆಯವರು ಕೇಳಿಸಿಕೊಂಡದ್ದು ಮರೆತು ಹೋಗುತ್ತದೆ ಎಂದು. ಮುತ್ತಮ್ಮ ಕೊಟ್ಟ ಉತ್ತರ ಎರಡಕ್ಕೂ ಸರಿಹೋಯಿತು. ಹೇಳಿದ್ದು ಒಂದು, ಕೇಳಿದ್ದು ಇನ್ನೊಂದು ಎಂದು ಗೊತ್ತಾಗಲು ಮೂವತ್ತೊಂದು ದಿನ ಬೇಕಾಯಿತು.

ಪುಟ್ಟಪ್ಪನಿಗೆ ಅರವತ್ತೊಂದು. ನಾಲ್ಕು ವರ್ಷದ ಹಿಂದೆ ಊರಿನ ಶಾಲೆಯಲ್ಲಿ ಕ್ಯಾಂಪ್ ಹಾಕಿದ್ದಾಗ ಸಕ್ಕರೆ ಕಾಯಿಲೆ ಇದೆ ಅಂದಿದ್ದರು. ಐದು ತಿಂಗಳು ಮಾತ್ರೆ ನುಂಗಿದ. ಬಾಯಿ ಕಹಿಯಾಗುತ್ತದೆ ಎಂದು ಬಿಟ್ಟ. ಆಮೇಲೆ ಯಾರೂ ಅದರ ಸುದ್ದಿ ಎತ್ತಿರಲಿಲ್ಲ.

ಬುಧವಾರ ಅಶ್ವತ್ಥ್ ಗಾಡಿಯನ್ನು ತಾರಮಂಗಲಂನ ಮೆಕ್ಯಾನಿಕ್ ಶರವಣಕುಮಾರ್ ಹತ್ತಿರ ಬಿಟ್ಟ. ಶರವಣಕುಮಾರ್ ತಮಿಳಿನವನು, ಮೂವತ್ತರ ಒಳಗಿನವನು, ಕಡಿಮೆ ಮಾತಿನವನು. ಕ್ಲಚ್ ವೈರ್ ಸಡಿಲ ಇರಬಹುದು ಎಂದು ಬಿಗಿ ಮಾಡಿ, ತಾನೇ ಓಡಿಸಿ ನೋಡಿ ಕೊಟ್ಟ. ಶುಕ್ರವಾರ, ಏಳನೇ ತಾರೀಖು, ಅದೇ ಏರಿನಲ್ಲಿ ಗಾಡಿ ಮತ್ತೆ ನ್ಯೂಟ್ರಲ್ಲಿಗೆ ಬಿತ್ತು. ರೋಜಾಳ ಹೆಸರು ಎರಡನೇ ಸಲ ಬಿತ್ತು.

ಶನಿವಾರ ಇಂಜಿನ್ ಆಯಿಲ್ ಬದಲಾಯಿಸಿದರು. ತೆಗೆದ ಆಯಿಲಿನಲ್ಲಿ ಲೋಹದ ಪುಡಿ ಇದೆಯೇ ಎಂದು ಶರವಣಕುಮಾರ್ ಬೆರಳಿನಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದು ನೋಡಿದ. ಇರಲಿಲ್ಲ. ಚೈನ್ ಬಿಗಿ ಮಾಡಿದ. ಹಲ್ಲು ಸವೆದಿದೆಯೇನೋ ಎಂದು ಗೇರ್ ಲಿವರನ್ನೇ ಹೊಸದು ಹಾಕಿದ.

"ಮೇಲೆಯಾ, ಕೀಳೆಯಾ?" ಎಂದು ಕೇಳಿದ. ಲಿವರನ್ನು ಒಂದು ಹಲ್ಲು ಮೇಲಿಡಬೇಕೋ ಕೆಳಗಿಡಬೇಕೋ ಎಂಬುದು ಓಡಿಸುವವನ ಕಾಲಿಗೆ ಬಿಟ್ಟಿದ್ದು.

ಅಶ್ವತ್ಥ್ ತನ್ನ ಕಾಲಿಟ್ಟು ನೋಡಿ, ಒಂದು ಹಲ್ಲು ಕೆಳಗೆ ಇಡಿ ಅಂದ. ಅಂದಿನಿಂದ ಪುಟ್ಟಪ್ಪ ರಬ್ಬರ್ ಚಪ್ಪಲಿ ಹಾಕಿದ ಕಾಲಿನ ಬೆರಳನ್ನು ಲಿವರಿನ ಅಡಿಗೆ ತುರುಕಬೇಕಾಗಿ ಬಂತು. ಪ್ರತಿ ಸಲ ತುರುಕಿದಾಗಲೂ ಹೊಸ ಲಿವರಿನ ರಬ್ಬರಿಲ್ಲದ ತುದಿ ಹೆಬ್ಬೆರಳಿನ ಮೇಲೆ ತಿಕ್ಕುತ್ತಿತ್ತು. ಅವನಿಗೆ ತಿಳಿಯಲಿಲ್ಲ. ಬೆರಳಿನ ಮೇಲೆ ಕಪ್ಪು ಗುರುತು ಕಂಡಾಗ ಗ್ರೀಸ್ ಎಂದುಕೊಂಡು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದ.

ಗುರುವಾರ, ಹದಿಮೂರನೇ ತಾರೀಖು, ಗಾಡಿ ಏರಿನಲ್ಲಲ್ಲ, ತಾರಮಂಗಲಂ ಪೇಟೆಯ ನಡುವೆ, ಬಸ್ಸಿನ ಮುಂದೆ ನಿಂತಿತು. ಪುಟ್ಟಪ್ಪನಿಗೆ ಬಗ್ಗಿ ಕೈಯಿಂದ ಎಳೆಯಲೂ ಆಗಲಿಲ್ಲ. ರೋಜಾ ಇಳಿದು ಉಳಿದ ದಾರಿ ನಡೆದಳು. ಮೂರನೇ ಹೆಸರು ಬಿತ್ತು. ಮಧ್ಯಾಹ್ನಕ್ಕೆ ಅವಳ ಕೈಗೆ ಕತ್ತರಿ ಕೊಟ್ಟರು.

ಸಂಜೆ ಅವಳು ಬಂದವಳೇ ಊಟದ ಡಬ್ಬಿಯನ್ನು ಕಲ್ಲಿನ ಮೇಲೆ ಕುಕ್ಕಿದಳು.

"ಅತ್ತೆ, ನಾಳೆಯಿಂದ ನಾನು ಬಸ್ಸಲ್ಲೇ ಓಗ್ತೀನಿ."

"ಬಸ್ಸು ಒಂದಿನ ಬತ್ತದೆ, ಒಂದಿನ ಬರಲ್ಲ."

"ಮಾವನೂ ಅಂಗೇ ಅಲ್ವಾ?"

ಜಗುಲಿಯಲ್ಲಿ ಹೂವಿನ ದಾರ ಸುತ್ತುತ್ತಿದ್ದ ಪುಟ್ಟಪ್ಪ ಕೇಳಿಸಿಕೊಂಡ. "ಅಲ್ಲಮ್ಮಾ ರೋಜಾ, ಬೇಕಂತ ಮಾಡ್ತೀನಾ? ಕಾಲು ಮರತೋದ್ರೆ ನಾನೇನ್ ಮಾಡ್ಲಿ?"

"ಮರತೋಯ್ತು, ಮರತೋಯ್ತು! ದಿನಾ ಇದನ್ನೇ ಏಳ್ತೀರಿ. ನನ್ನ ಮಿಷನ್ ಓಯ್ತಲ್ಲ ಮಾವ."

ಪುಟ್ಟಪ್ಪ ಮತ್ತೆ ದಾರ ಸುತ್ತತೊಡಗಿದ. ಅಶ್ವತ್ಥ್ ಬಂದ ಮೇಲೆ ಗೋಡೆಯ ಮೊಳೆಯಿಂದ ಬೈಕಿನ ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ಕೀ ಕೊಡ್ಲಾ."

"ಕೊಡಲ್ಲ ಅಪ್ಪಾ. ರಸ್ತೆ ಮಧ್ಯೆ ನೀನು ಮರ್ತು ನಿಂತ್ರೆ ಲಾರಿಯೋನು ನಿಲ್ತಾನಾ? ನಿನ್ನ ಇಂದೆ ಒಂದಿನ ರೋಜಾ ಇರ್ತಾಳೆ, ಒಂದಿನ ಮಗು ಇರ್ತದೆ."

"ಗಾಡಿ ಸರಿ ಮಾಡ್ಸಿ ಕೊಡು ಮತ್ತೆ."

"ಗಾಡಿ ಸರಿಯಾಗೇ ಐತೆ!"

"ಸರಿಯಾಗಿದ್ರೆ ಗೇರು ಯಾಕೆ ಬೀಳಲ್ಲ?"

"ನಿಂಗೆ ಮಾತ್ರ ಬೀಳಲ್ಲ. ನಂಗೆ ಬೀಳ್ತದೆ, ಮೆಕ್ಯಾನಿಕ್ಕಿಗೆ ಬೀಳ್ತದೆ."

"ಅಂಗಾರೆ ನಂದೇ ತಪ್ಪು ಅನ್ನು."

"ತಪ್ಪಂತ ಯಾರಂದ್ರು? ವಯಸ್ಸು ಅಂತ."

ಮುತ್ತಮ್ಮ ಒಳಗಿನಿಂದ, "ಬಿಡ್ಲಾ, ಊಟದ ಒತ್ತಲ್ಲಿ," ಅಂದಳು. ಆ ದಿನ ಅವರೆಕಾಳು ಸಾರು ಮಾಡಿದ್ದಳು. ಪುಟ್ಟಪ್ಪ ಒಂದೇ ಮುದ್ದೆ ತಿಂದು ಎದ್ದ.

ಮರುದಿನದಿಂದ ಅಶ್ವತ್ಥನೇ ರೋಜಾಳನ್ನು ಬಿಟ್ಟು, ಗಾಡಿ ಮನೆಗೆ ತಂದು ನಿಲ್ಲಿಸಿ, ಮೆಟ್ಟೂರಿನ ಬಸ್ಸು ಹಿಡಿಯತೊಡಗಿದ. ಪಟ್ಟರೆಗೆ ದಿನವೂ ತಡವಾಗಿ, ಹತ್ತಕ್ಕೆ ಹೋದ. ಹೂವಿನ ಚೀಲವನ್ನು ಪುಟ್ಟಪ್ಪ ಮೇನ್ ರೋಡಿನ ತನಕ ತಲೆಯ ಮೇಲೆ ಹೊತ್ತು ಬಸ್ಸಿಗೆ ಹಾಕುತ್ತಿದ್ದ.

ಮುತ್ತಮ್ಮ ಬಾವಿಯ ಪಕ್ಕದ ತೇವದಲ್ಲಿ ಬೆಳೆಯುವ ಒಂದೆಲಗದ ಸೊಪ್ಪು ಕುಯ್ಯತೊಡಗಿದಳು. ಆ ಕಡೆ ಅದಕ್ಕೆ ವಲ್ಲಾರೆ ಅನ್ನುತ್ತಾರೆ. ನೆನಪಿನ ಶಕ್ತಿಗೆ ಒಳ್ಳೆಯದೆಂದು ಪರೀಕ್ಷೆ ಬರೆಯುವ ಮಕ್ಕಳಿಗೆ ಕೊಡುತ್ತಾರೆ. ಹಸಿಮೆಣಸಿನಕಾಯಿ, ಹುಣಸೆಹಣ್ಣು, ಕಾಯಿತುರಿ ಹಾಕಿ ಕಲ್ಲಿನಲ್ಲಿ ಅರೆದು ಬೆಳಿಗ್ಗೆ ದೋಸೆಗೆ, ಮಧ್ಯಾಹ್ನ ಅನ್ನಕ್ಕೆ ಬಡಿಸಿದಳು.

ನಾಲ್ಕನೇ ದಿನ ಪುಟ್ಟಪ್ಪ ಕೇಳಿದ: "ಏನ್ ಅಮ್ಮಿ, ದಿನಾ ಇದೇಯಾ?"

"ನಿಮ್ಗೇಯ ಮಾಡದು. ತಿನ್ನಿ. ಮರತೋಗೋದು ನಿಲ್ತದೆ."

"ಅಂಗಾ? ಯಾರಂದ್ರು?"

"ಎಲ್ರೂ ಅಂತಾರೆ."

"ಅಂಗಾರೆ ಇನ್ನೊಂಚೂರು ಆಕು."

ಅಶ್ವತ್ಥ್ ಮೆಟ್ಟೂರಿನಲ್ಲಿ ಒಂದು ಮೆಡಿಕಲ್ ಶಾಪಿಗೆ ಹೋಗಿ, ಅಪ್ಪನಿಗೆ ಮರೆವು ಜಾಸ್ತಿಯಾಗಿದೆ ಎಂದು ಹೇಳಿದ. ಅಂಗಡಿಯವನು ಡಾಕ್ಟರಿಗೆ ತೋರಿಸಿ ಎಂದು ಹೇಳಿ, ಅಷ್ಟರವರೆಗೆ ಇರಲಿ ಎಂದು ಕೆಂಪು ಮಾತ್ರೆಗಳ ಪಟ್ಟಿ ಕೊಟ್ಟ.

"ಏನ್ ಮಾತ್ರೆ ಕಣ್ಲಾ ಇದು?"

"ನರಂಬಿಗೆ ಅಪ್ಪಾ."

"ನರಕ್ಕಾ? ಒಳ್ಳೇದಾಯ್ತು. ನಾನೂ ಅದೇ ಅನ್ಕೊಂಡೆ, ನರಾನೇ ಇದು ಅಂತ."

ದಿನಕ್ಕೆ ಎರಡರಂತೆ ಒಂದೂ ತಪ್ಪಿಸದೆ ನುಂಗಿದ. ರೋಜಾ ಒಂದು ದಿನ ಗಂಡನಿಗೆ ಹೇಳಿದಳು: "ಎಲ್ಲಾ ಮರೀತಾರೆ, ಮಾತ್ರೆ ಮಾತ್ರ ಕರೆಕ್ಟಾಗಿ ಗೆಪ್ತಿ ಇಟ್ಕೊಂಡವ್ರೆ." ಇಬ್ಬರೂ ಅದನ್ನು ಮುಂದಕ್ಕೆ ಯೋಚಿಸಲಿಲ್ಲ.

ಹತ್ತೊಂಬತ್ತನೇ ತಾರೀಖು ಬುಧವಾರ ಪುಟ್ಟಪ್ಪ ಹುಲ್ಲು ಕುಯ್ದುಕೊಂಡು ಹೊಲದಿಂದ ಬಂದ. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲು. ಮುತ್ತಮ್ಮ ಪಾತ್ರೆ ಬೆಳಗುತ್ತಿದ್ದಳು.

"ಇನ್ನೊಂದು ಚಪ್ಪಲಿ ಎಲ್ಲಿ?"

ಪುಟ್ಟಪ್ಪ ಹುಲ್ಲಿನ ಹೊರೆ ಇಳಿಸಿ ಕಾಲು ನೋಡಿಕೊಂಡ. "ಎಲ್ಲೋ ಬಿದ್ದೋಗೈತೆ."

"ಬಿದ್ದಿದ್ದು ಗೊತ್ತಾಗ್ಲಿಲ್ವಾ? ಮುಳ್ಳು ಕಲ್ಲು ಏನೂ ಗೊತ್ತಾಗ್ಲಿಲ್ವಾ?"

"ಅದೇ ಏಳ್ತೀನಲ್ಲ ದಿನಾ. ಮರತೋಗೈತೆ."

ಮುತ್ತಮ್ಮ ಬೂದಿ ಕೈಯಲ್ಲೇ ಕೂತು ಅತ್ತಳು. ಅವಳ ಅಣ್ಣ ಕೊನೆಯ ಎರಡು ವರ್ಷ ಎಲ್ಲವನ್ನೂ ಮರೆತಿದ್ದ. ಹೆಂಡತಿಯ ಹೆಸರು ಗೊತ್ತಿರಲಿಲ್ಲ. ಎರಡು ಸಲ ಓಮಲೂರು ಬಸ್ ಸ್ಟ್ಯಾಂಡಿನಿಂದ ಹುಡುಕಿ ತಂದಿದ್ದರು. ಶುರುವಾದದ್ದು ಹೀಗೆಯೇ, ಪಂಚೆಯ ಮೇಲೆ ಪಂಚೆ ಉಟ್ಟುಕೊಂಡು ಬರುವುದರಿಂದ.

"ಯಾಕೆ ಅಳ್ತೀಯ? ಚಪ್ಪಲಿ ಓದ್ರೆ ಓಗ್ಲಿ ಬಿಡು," ಅಂದ ಪುಟ್ಟಪ್ಪ.

"ನನ್ನ ಎಸ್ರು ಏನು, ಏಳಿ?"

"ಏನ್ ಕೇಳ್ತಿದ್ದೀಯ ನೀನು?"

"ಏಳಿ ಅಂದ್ರೆ!"

"ಮುತ್ತಮ್ಮ. ಯಾಕೆ, ನಿಂಗೆ ಮರ್ತೋಯ್ತಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಮುಖಕ್ಕೆಲ್ಲ ಬೂದಿಯಾಗಿ, ನಕ್ಕಳು. ಮತ್ತೆ ಅತ್ತಳು. ಚಪ್ಪಲಿ ಹುಡುಕಲು ತಾನೇ ಹೋದಳು. ಹೊಲದ ಬದುವಿನ ಮೇಲೆ, ಜಾಲಿ ಗಿಡದ ಹತ್ತಿರ ಸಿಕ್ಕಿತು. ಅಲ್ಲಿಂದ ಮನೆಗೆ ಕಾಲು ಗಂಟೆಯ ದಾರಿ.

ಮೊಮ್ಮಗಳ ಟ್ಯೂಷನ್ ಮಾತು ಪುಟ್ಟಪ್ಪನ ತಲೆಯಲ್ಲಿ ಉಳಿದಿತ್ತು. ಮರುದಿನ ಮಧ್ಯಾಹ್ನ, ಮನೆಯಲ್ಲಿ ಹೆಂಡತಿ ಬಿಟ್ಟರೆ ಯಾರೂ ಇಲ್ಲದಾಗ, ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಗಾಡಿಯ ಮೇಲೆ ಹತ್ತಿ ಕೂತ. ಕೀ ಇರಲಿಲ್ಲ, ಗೇರಿಗೆ ಕೀ ಬೇಕಿಲ್ಲ. ಕೆಳಗೆ ತುಳಿದ, ಮೇಲೆ ಎತ್ತಿದ. ತುಳಿಯುವುದು ಬರುತ್ತಿತ್ತು. ಎತ್ತುವುದು ಬರುತ್ತಿರಲಿಲ್ಲ. ಐವತ್ತು ಸಲ ಮಾಡಿದ.

"ಏನ್ ಮಾಡ್ತಿದ್ದೀರಿ ಅಲ್ಲಿ?"

"ಕಾಲಿಗೆ ಅಭ್ಯಾಸ ಮಾಡಿಸ್ತೀನಿ. ಮಾಡ್ತಾ ಮಾಡ್ತಾ ಸರಿಯಾಗ್ತದೆ."

ಮುತ್ತಮ್ಮ ತಡೆಯಲಿಲ್ಲ. ಮರೆತದ್ದನ್ನು ಮತ್ತೆ ಮತ್ತೆ ಮಾಡಿದರೆ ನೆನಪಿಗೆ ಬರುತ್ತದೆ ಎಂದುಕೊಂಡಳು. ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ನವೆಂಬರ್ ಇಪ್ಪತ್ತರಿಂದ ಡಿಸೆಂಬರ್ ಮೂರರ ತನಕ, ಹದಿನಾಲ್ಕು ದಿನ, ಪುಟ್ಟಪ್ಪ ಎರಡು ಗಂಟೆಯಿಂದ ಮೂರರವರೆಗೆ ಅಂಗಳದಲ್ಲಿ ನಿಂತ ಗಾಡಿಯನ್ನು ಓಡಿಸಿದ. ಐವತ್ತು ನೂರಾಯಿತು, ನೂರು ಇನ್ನೂರಾಯಿತು. ಕಪ್ಪು ಗುರುತು ದೊಡ್ಡದಾಯಿತು. ಅವನು ದಿನವೂ ಒರೆಸಿದ.

ಕಾರ್ತಿಕ ದೀಪದ ಸಂಜೆ ಹೊಸ್ತಿಲಿಗೆ ದೀಪ ಇಡುತ್ತಿದ್ದ ಅರ್ಚನಾ, ತಾತನ ಪಕ್ಕದಲ್ಲಿ ಏನೋ ನಾತ ಬರುತ್ತದೆ ಎಂದಳು. ಮುತ್ತಮ್ಮ ಜಗುಲಿಯ ಕೆಳಗೆ ಇಲಿ ಸತ್ತಿರಬಹುದೆಂದು ಪೊರಕೆ ಹಾಕಿ ನೋಡಿದಳು. ಏನೂ ಸಿಗಲಿಲ್ಲ.

ಆ ದಿನ ಊಟವಾದ ಮೇಲೆ ಅವಳು ಮಗನಿಗೆ ಹೇಳಿದಳು. "ಅಶ್ವತ್ಥಾ, ನಿಮ್ಮಪ್ಪ ಎರಡು ವಾರ ಆಯ್ತು, ದಿನಾ ಗಾಡಿ ಮೇಲೆ ಕೂತು ಒದ್ದಾಡ್ತಾರೆ. ನೋಡೋಕಾಗಲ್ಲ. ಗಾಡಿ ಕೆಟ್ಟಿಲ್ಲ ಅಂತ ಆ ಮೆಕ್ಯಾನಿಕ್ ಬಾಯಲ್ಲೇ ಏಳ್ಸು. ನಂಬಿ ಸುಮ್ಕಾಗ್ಲಿ."

ಮರುದಿನ ಗುರುವಾರ, ಪಟ್ಟರೆಯ ಕಡೆ ಕರೆಂಟು ತೆಗೆಯುವ ದಿನ, ಅಶ್ವತ್ಥನಿಗೆ ರಜೆ. ರೋಜಾಳನ್ನು ಬಿಟ್ಟು ಬಂದು, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹತ್ತು ಗಂಟೆಗೆ ಶರವಣಕುಮಾರನ ಅಂಗಡಿಗೆ ಹೋದ.

"ಅಣ್ಣಾ, ವಂಡಿಲ ಒಣ್ಣುಮಿಲ್ಲೆ," ಎಂದ ಶರವಣಕುಮಾರ್, ಗಾಡಿಯಲ್ಲಿ ಏನೂ ಇಲ್ಲ ಎಂದು. ಆದರೂ ಸ್ಟ್ಯಾಂಡ್ ಹಾಕಿ, ಪುಟ್ಟಪ್ಪನನ್ನು ಮೇಲೆ ಕೂರಿಸಿ, ತಾನು ಎಡಗಡೆ ಕುಕ್ಕರಗಾಲಿನಲ್ಲಿ ಕೂತ. ಇಷ್ಟು ದಿನ ಅವನು ಗಾಡಿಯನ್ನು ನೋಡಿದ್ದ. ಓಡಿಸುವವನನ್ನು ನೋಡಿರಲಿಲ್ಲ.

"ಅಪ್ಪಾ, ಫಸ್ಟ್ ಪೋಡುಂಗ."

ಪುಟ್ಟಪ್ಪ ತುಳಿದ. ಟಕ್ ಎಂದು ಬಿತ್ತು. ಮೆಕ್ಯಾನಿಕ್ ಕೈಯಿಂದ ಹಿಂದಿನ ಚಕ್ರ ತಿರುಗಿಸಿದ.

"ಇಪ್ಪ ಸೆಕೆಂಡ್."

ಪುಟ್ಟಪ್ಪನ ತೊಡೆ ಎದ್ದಿತು. ಮಂಡಿ ಎದ್ದಿತು. ಹಿಮ್ಮಡಿ ಎದ್ದಿತು. ಪಾದದ ಮುಂಭಾಗ ಮಾತ್ರ ಏಳದೆ ನೇತಾಡಿತು, ಹಗ್ಗಕ್ಕೆ ಕಟ್ಟಿದ ಚಪ್ಪಲಿಯ ಹಾಗೆ. ಲಿವರ್ ಅರ್ಧ ಮೇಲೆ ಬಂದು ನ್ಯೂಟ್ರಲ್ಲಿನಲ್ಲಿ ನಿಂತಿತು. ಮೊದಲನೇ ಗೇರಿಗೂ ಎರಡನೆಯದಕ್ಕೂ ನಡುವೆ ಇರುವುದು ನ್ಯೂಟ್ರಲ್. ಪೂರ್ತಿ ಎತ್ತಲಾಗದವನಿಗೆ ಸಿಗುವುದು ಅದೇ.

ಕಾಲಿಗೆ ಏನಾಗಿದೆ ಎಂದು ಶರವಣಕುಮಾರ್ ಕೇಳಿದ.

"ಮರತ್ತುಪ್ಪೋಚ್ಚುಪ್ಪಾ," ಎಂದ ಪುಟ್ಟಪ್ಪ, ತಮಿಳಿನವನಿಗೆ ತಮಿಳಿನಲ್ಲಿ.

"ಎತ್ತನೈ ನಾಳಾ?" ಎಷ್ಟು ದಿನದಿಂದ ಎಂದು ಮೆಕ್ಯಾನಿಕ್ ಕೇಳಿದ.

"ದೀಪಾವಳಿಲಿರುಂದು."

ಅಶ್ವತ್ಥ್ ಮಧ್ಯೆ ಬಂದು, ಅಪ್ಪನಿಗೆ ಸ್ವಲ್ಪ ಮರೆವು ಎಂದು ವಿವರಿಸಲು ಹೋದ. ಶರವಣಕುಮಾರ್ ಅವನನ್ನು ತಡೆದ. ಮರೆವಲ್ಲ ಅಣ್ಣಾ, ಕಾಲಿಗೆ ಸ್ಪರ್ಶ ಇಲ್ಲ ಅನ್ನುತ್ತಿದ್ದಾರೆ, ಎಂದ. ಚಪ್ಪಲಿ ಕಳಚಿ, ಕೈಯಲ್ಲಿದ್ದ ಸ್ಕ್ರೂಡ್ರೈವರಿನ ತುದಿಯನ್ನು ಅಂಗಾಲಿಗೆ ಒತ್ತಿದ. ಪುಟ್ಟಪ್ಪ ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಲಾರಿ ನೋಡುತ್ತಿದ್ದ. ಇನ್ನೂ ಒತ್ತಿದ. ಪುಟ್ಟಪ್ಪ ಲಾರಿಯನ್ನೇ ನೋಡುತ್ತಿದ್ದ.

ಹೆಬ್ಬೆರಳಿನ ಮೇಲೆ, ಲಿವರ್ ತಿಕ್ಕುವ ಜಾಗದಲ್ಲಿ, ರೂಪಾಯಿ ಅಗಲದ ಕಪ್ಪು ಗುಳಿ ಇತ್ತು. ಮೆಕ್ಯಾನಿಕ್ ಬಟ್ಟೆಯಿಂದ ಒರೆಸಿದ. ಹೋಗಲಿಲ್ಲ. ಬಟ್ಟೆಯನ್ನು ಮೂಗಿನ ಹತ್ತಿರ ತಂದು ದೂರ ಎಸೆದ.

"ಇದು ಗ್ರೀಸ್ ಇಲ್ಲೆಣ್ಣಾ."

ಅಶ್ವತ್ಥ್ ಬಗ್ಗಿ ನೋಡಿದ.

"ಅಪ್ಪಾ, ಇದನ್ನ ಯಾಕೆ ಏಳ್ಳಿಲ್ಲ ನೀನು?"

"ದಿನಾ ಏಳ್ದೆನಲ್ಲಪ್ಪಾ. ನೀವೇ ಅಲ್ವಾ ಮಾತ್ರೆ ಕೊಟ್ಟಿದ್ದು, ಸೊಪ್ಪು ಕೊಟ್ಟಿದ್ದು?"

ಮೆಕ್ಯಾನಿಕ್ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಸೇಲಂ ಬಸ್ಸು ಹತ್ತು ನಲವತ್ತಕ್ಕಿದೆ ಎಂದ.

ಸೇಲಂನ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಸಕ್ಕರೆ ಮುನ್ನೂರ ಎಂಬತ್ತು ದಾಟಿತ್ತು. ಡಾಕ್ಟರು ಗಾಯದೊಳಗೆ ಕಡ್ಡಿ ಇಟ್ಟು ಆಳ ನೋಡಿದರು. ಕಡ್ಡಿ ಮೂಳೆಗೆ ತಾಗಿತು. ಪಾದ ಎತ್ತುವ ನರ ಸತ್ತಿದೆ, ಬೆರಳಿನ ಮೂಳೆ ಕೊಳೆತಿದೆ ಎಂದರು. ಒಂದು ತಿಂಗಳ ಮುಂಚೆ ಬಂದಿದ್ದರೆ ಎಂದು ಶುರುಮಾಡಿ, ಪುಟ್ಟಪ್ಪನ ಮುಖ ನೋಡಿ, ಮುಗಿಸಲಿಲ್ಲ.

ಸಂಜೆ ಅಶ್ವತ್ಥ್ ಬಟ್ಟೆ ಒಯ್ಯಲು ಮನೆಗೆ ಬಂದ. ಮುತ್ತಮ್ಮ ಕಲ್ಲಿನ ಮುಂದೆ ಕೂತು ಸೊಪ್ಪು ಅರೆಯುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ. ಅವಳು ಗುಂಡುಕಲ್ಲು ಬಿಡಲಿಲ್ಲ.

"ಮರತೋಯ್ತು ಅಂದ್ರೆ... ಅದಾ?"

"ಅದೇ ಅವ್ವಾ."

"ನಾವೆಲ್ಲಾ ತಮಿಳು ಮಾತಾಡೋರೇ ಅಲ್ವಾ ಅಶ್ವತ್ಥಾ? ನಂಗ್ಯಾಕೆ ಅದು ಕೇಳ್ಳಿಲ್ಲ?"

"ನಂಗೂ ಕೇಳ್ಳಿಲ್ಲ."

"ನೀನು ಕೀ ಕಿತ್ಕೊಂಡೆ."

"ನೀನು ಮಜ್ಜಿಗೆ ಕೊಟ್ಟು ಕೂರಿಸ್ದೆ. ಇನ್ನೂರು ಸಲ ಉಜ್ಜಿಸ್ದೆ ಆ ಬೆರಳನ್ನ!"

"ಸಾಕು ನಿಲ್ಲಿಸ್ರಿ," ಅಂದಳು ರೋಜಾ. ಅವಳು ಆಗಷ್ಟೇ ಬಸ್ಸಿಳಿದು ಬಂದು ಬಾಗಿಲಲ್ಲಿ ನಿಂತಿದ್ದಳು. "ನಾನು ದಿನಾ ಅವರ ಬೆನ್ನಿಂದೇನೇ ಕೂತಿದ್ದೆ. ಬಗ್ಗಿ ನೋಡಿದ್ರೆ ಕಾಲು ಕಾಣ್ತಿತ್ತು. ನಾನು ವಾಚು ನೋಡ್ತಿದ್ದೆ."

ಮುತ್ತಮ್ಮ ಅರೆದ ಸೊಪ್ಪನ್ನು ಹಸುವಿನ ಬಾನಿಗೆ ಹಾಕಿದಳು. ಒಲೆ ಹಚ್ಚಿ, ಆಸ್ಪತ್ರೆಗೆಂದು ಗೋಧಿ ರವೆಯ ಉಪ್ಪಿಟ್ಟು ಮಾಡಿದಳು. ಉಪ್ಪು ಹಾಕಲು ಮರೆತಿದ್ದಳು. ಪುಟ್ಟಪ್ಪ ಪೂರ್ತಿ ತಿಂದ.

ಡಿಸೆಂಬರ್ ಹನ್ನೊಂದಕ್ಕೆ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆದರು. ಎರಡು ದಿನ ಜ್ವರವಿದ್ದು ಇಳಿಯಿತು. ವಾರ್ಡಿನಲ್ಲಿ ಮುತ್ತಮ್ಮ ಮಂಚದ ಕೆಳಗೆ ಚಾಪೆ ಹಾಕಿಕೊಂಡು ಇದ್ದಳು. ಹಗಲು ಪಕ್ಕದ ಮಂಚದವರಿಗೆ ಎಳನೀರು ತಂದುಕೊಡುವುದು, ಅವರ ಕಥೆ ಕೇಳುವುದು. ದಿನಕ್ಕೆ ನಾಲ್ಕೈದು ಸಲ ಗಂಡನ ಬಲಗಾಲಿನ ಅಂಗಾಲನ್ನು ಉಗುರಿನಿಂದ ಗೀರುವುದು.

"ಗೊತ್ತಾಗ್ತೈತಾ?"

"ಗೊತ್ತಾಗ್ತೈತೆ ಬಿಡೇ. ಕಚಗುಳಿ ಆಗ್ತೈತೆ."

"ಗೊತ್ತಾಗ್ಲಿಲ್ಲ ಅಂದ್ರೆ ಏನಂತ ಏಳ್ತೀರಿ?"

"ಏನಂತ ಏಳ್ಬೇಕು, ನೀನೇ ಏಳು."

ಅವಳು ಯೋಚಿಸಿದಳು. "ಜೋಮು ಅನ್ನಿ."

"ಜೋಮು ಅಂದ್ರೆ ಇಲ್ಲಿ ನರ್ಸಮ್ಮನಿಗೆ ಗೊತ್ತಾಗಲ್ಲ."

ಅವಳು ಮತ್ತೆ ಅಂಗಾಲು ಗೀರಿದಳು.

ಹದಿನೈದು ದಿನ ಕಳೆದರೂ ಗಾಯ ಕೂಡಲಿಲ್ಲ. ಅಂಚು ಮತ್ತೆ ಕಪ್ಪಾಯಿತು. ಇಪ್ಪತ್ತೇಳನೇ ತಾರೀಖು, ಶನಿವಾರ, ರೌಂಡ್ಸಿಗೆ ಬಂದ ಡಾಕ್ಟರು ಅಶ್ವತ್ಥನನ್ನು ಹೊರಗೆ ಕರೆದು, ರಕ್ತ ಕೆಳಗೆ ಇಳಿಯುತ್ತಿಲ್ಲ, ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು. ಬೇರೆ ದಾರಿ ಇದೆಯೇ ಎಂದು ಅವನು ಕೇಳಿದ. ಇಲ್ಲ ಎಂದರು. ಇನ್ನೊಂದು ವಾರ ಕಾದು ನೋಡಿದರೆ ಎಂದು ಕೇಳಿದ. ಕಾದರೆ ಮೊಣಕಾಲಿನ ಮೇಲೆ ಎಂದರು.

ಅಶ್ವತ್ಥ್ ಒಳಗೆ ಬಂದ. ಅಪ್ಪನಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಮಂಚದ ಕಬ್ಬಿಣ ಹಿಡಿದುಕೊಂಡು ನಿಂತ.

"ಏನಂದ್ರು?"

"ಇನ್ನೊಂದು ಆಪರೇಷನ್ ಅಂತೆ ಅಪ್ಪಾ."

"ಬೆರಳು ತೆಗೆದ್ರಲ್ಲ. ಇನ್ನೇನು ತೆಗೀತಾರೆ?"

ಅಶ್ವತ್ಥ್ ತನ್ನ ಕಾಲಿನ ಮೇಲೆ, ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಅಂಗೈ ಅಡ್ಡ ಇಟ್ಟು ತೋರಿಸಿದ.

ಪುಟ್ಟಪ್ಪ ಆ ಕೈಯನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿದ. "ಉರಿ ಇದ್ರೆ, ನೋವಿದ್ರೆ, ತೆಗೀಲಿ ಅಂತ ನಾನೇ ಅಂತಿದ್ದೆ," ಅಂದ. "ಏನೂ ಆಗ್ತಿಲ್ಲ ಕಣಪ್ಪಾ ಅದಕ್ಕೆ. ಸುಮ್ನೆ ಐತೆ."

ಮುತ್ತಮ್ಮ ಚಾಪೆ ಸುತ್ತಿ ಮತ್ತೆ ಬಿಚ್ಚಿದಳು.

ಒಪ್ಪಿಗೆಯ ಕಾಗದ ತಮಿಳಿನಲ್ಲಿತ್ತು. ಅಶ್ವತ್ಥ್ ಅದನ್ನು ಪೂರ್ತಿ, ಪ್ರತಿ ಅಕ್ಷರವನ್ನೂ, ಎರಡು ಸಲ ಓದಿದ. ನರ್ಸ್ ಕಾಯ್ದು ಕಾಯ್ದು, ಸಹಿ ಹಾಕಲು ಬರುವುದಿಲ್ಲವೇ ಎಂದು ಕೇಳಿದಳು. ಬರುತ್ತದೆ ಎಂದು ಹಾಕಿದ.

ಡಿಸೆಂಬರ್ ಇಪ್ಪತ್ತೊಂಬತ್ತು, ಸೋಮವಾರ, ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಪುಟ್ಟಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.